ಕಲ್ಲಿನ ಮೇಲಿನ ‘ಎಲ್ಲರೂ’

ಬೈರನಕುಂಟೆಯ ಬಾವಿಯಲ್ಲಿ ನೀರಿರಲಿಲ್ಲ. ಅದರ ಮುಂದಿನ ಕಲ್ಲಿಗೆ ಮಾತ್ರ ವರ್ಷಕ್ಕೆರಡು ಹಾರ ತಪ್ಪುತ್ತಿರಲಿಲ್ಲ. ಜನವರಿ ಮೂವತ್ತರ ಬೆಳಿಗ್ಗೆ ಹಾರ ಹಾಕಲು ಹೋದ ಊರ ಹಿರಿಯ ಚಿಕ್ಕಬೈರಪ್ಪ, ಅದೇ ಹಾರ ಹಿಡಿದುಕೊಂಡು ಠಾಣೆಗೆ ಬಂದ.

“ಗಾಂಧಿ ಕಲ್ಲು ಒಡೆದವ್ರೆ ಸಾರ್. ನಮ್ಮಪ್ಪ ಆ ಮಹಾತ್ಮಂಗೆ ಕೈಯಾರೆ ನೀರು ಕೊಟ್ಟಿದ್ರು. ಬಾಡಿಗೆಗಿರೋ ಹೊರಗಿನ ಹುಡುಗ್ರದೇ ಕೆಲ್ಸ.”

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಪಂಚಾಕ್ಷರಿ ಪಂಚನಾಮೆಗೆ ಹೊರಟ. ಕಾನ್‌ಸ್ಟೇಬಲ್ ದೀಪಶ್ರೀ ಬಗ್ಗಿ ಕಲ್ಲಿನ ಮೇಲಿನ ಗಾಂಧಿ ಚಿತ್ರ ನೋಡಿದಳು. “ಗಾಂಧೀಜಿಗೇನೂ ಆಗಿಲ್ಲ ಸಾರ್. ಕನ್ನಡಕ ಸಮೇತ ಕ್ಷೇಮ.”

ಕಲ್ಲು ಒಡೆದಿರಲಿಲ್ಲ. ಒಂದೇ ಒಂದು ಪದವನ್ನು ಯಾರೋ ಉಳಿಯಿಂದ ನೀಟಾಗಿ ಎಬ್ಬಿಸಿದ್ದರು. ದೀಪಶ್ರೀ ಉಳಿದದ್ದನ್ನು ಓದಿದಳು: “ಗಾಂಧೀಜಿ ಬಂದ ದಿನ ಊರವರು... ಈ ಬಾವಿಯ ನೀರು ಕುಡಿದರು.”

“ನಡುವೆ ಏನಿತ್ತು?” ಪಂಚಾಕ್ಷರಿ ಕೇಳಿದ.

“‘ಎಲ್ಲರೂ’ ಅಂತಿತ್ತು” ಎಂದ ಚಿಕ್ಕಬೈರಪ್ಪ.

“ಅಂದ್ರೆ? ಊರಾಚೆ ಕಾಲೊನಿಯವರೂ?”

ಚಿಕ್ಕಬೈರಪ್ಪ ಹಾರವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. “ಎಲ್ರೂ ಅಂದ್ರೆ ಎಲ್ರೂನೇ ಸಾರ್. ಹಳೇ ಮಾತು ಈಗ್ಯಾಕೆ?”

“ಕೆತ್ತಿದ್ದು ಯಾರು?”

“ಕಾಲೊನಿ ನರಸಪ್ಪ. ನಾನೇ ಬರೆದುಕೊಟ್ಟಿದ್ದೆ.”

ದಾವಣಗೆರೆಯ ಕಡೆ ಪಂಚಾಕ್ಷರಿಯ ಅಜ್ಜನ ಮನೆಯಲ್ಲೂ ಇಂಥದೊಂದು ಬಾವಿ, ‘ಎಲ್ಲರೂ ಕುಡಿದ’ ಇಂಥದೇ ಕತೆ ಇತ್ತು. ಅವನು ಪಂಚನಾಮೆಗೆ ಸಹಿ ಹಾಕಿಸಿಕೊಂಡು ಜೀಪು ಹತ್ತಿದ.

ನರಸಪ್ಪ ಜಿಗಣಿಯ ಗ್ರಾನೈಟ್ ಶೆಡ್ಡಿನಲ್ಲಿ ಸಿಕ್ಕ. ಬೋಳಿಸಿದ ತಲೆಯಲ್ಲಿ ಕೂದಲು ಆಗತಾನೆ ಚಿಗುರುತ್ತಿತ್ತು.

“ಕೆತ್ತಿದ್ದೂ ನಾನೇ, ಕಿತ್ತಿದ್ದೂ ನಾನೇ ಸಾರ್.”

“ಯಾಕೆ ಯಜಮಾನ್ರೇ?”

“ಅವ್ವಂಗೆ ಓದಾಕ್ ಬರ್ತಿರ್ಲಿಲ್ಲ. ಕಳದ ಗಾಂಧಿ ಜಯಂತೀಲಿ ಕಲ್ಲಿನ ಬರಹನ ಮೈಕಲ್ಲಿ ಓದಿದ್ರು. ಮನೇಗ್ ಬಂದು ಕೇಳಿದ್ಲು, ‘ನಾನ್ಯಾವತ್ ಅವ್ರ್ ಜತೆ ಕುಡಿದ್ನೋ? ಬಿಂದಿಗೆ ಇಟ್ಟು, ಯಾರಾನಾ ಮೇಲಿಂದ ಉಯ್ಯೋಗಂಟ ದೂರ ನಿಂತ್ಕತಿದ್ದೆ. ಆ ಸುಳ್ ಕೆತ್ತಿದೋನು ಯಾವನು?’ ನಾನೇ ಅನ್ನಾಕ್ ಬಾಯೇ ಬರ್ಲಿಲ್ಲ. ಈ ತಿಂಗ್ಳು ಮೊದ್ಲಲ್ಲಿ ಓಗ್ಬುಟ್ಲು.”

“ಗಾಂಧೀಜಿ ಬಂದಿದ್ದಾದ್ರೂ ನಿಜಾನಾ?”

“ಅದು ನಂಗೊತ್ತಿಲ್ಲ. ಬಾವಿ ಇಸ್ಯ ಗೊತ್ತು.”

ಪಂಚಾಕ್ಷರಿ ಪೆನ್ನಿನ ಕ್ಯಾಪ್ ಮುಚ್ಚಿದ. “ಉಳಿ ಜಾರಿತು ಅನ್ನಿ. ಹಂಗೇ ಬರ್ಕೊಂತೀನಿ.”

“ಕೆತ್ತೋವಾಗ ಜಾರಿತ್ತು ಸಾರ್. ಈಗಿಲ್ಲ.”

ಸಂಜೆ ನರಸಪ್ಪನ ದಸ್ತಗಿರಿ ಆಯಿತು. ಬಾಡಿಹೋದ ಹಾರವನ್ನು ಠಾಣೆಯ ಬೆಂಚಿನ ಮೇಲಿಟ್ಟು ಚಿಕ್ಕಬೈರಪ್ಪ, “ದೇಶಕ್ಕೇ ಆದ ನಷ್ಟ ಅಂತ ಬರೀರಿ ಸಾರ್” ಎಂದ.

ನಷ್ಟದ ಕಾಲಂನಲ್ಲಿ ಪಂಚಾಕ್ಷರಿ ಬರೆದ: ಮೂರು ಅಕ್ಷರ.