ಉರಿಯದ ಐದನೆಯ ದೀಪ

೧೯೮೩ರ ಮಾರ್ಚ್ ೧೨, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ಬೆಟ್ಟಂಪಾಡಿಯ ದೇರಣ್ಣ ರೈಗಳು ಮಸಿ ಹಿಡಿದ ಪಂಚೆಯಲ್ಲೇ ಪುತ್ತೂರಿನ ಠಾಣೆಯ ಮೆಟ್ಟಿಲು ಹತ್ತಿದರು. ಅವರ ಬೆನ್ನಿಗೆ ಇಬ್ಬರು ಆಳುಗಳು ಚಪ್ಪರ ಕಟ್ಟುವ ಸಂಕಪ್ಪನನ್ನು ರಟ್ಟೆ ಹಿಡಿದು ಎಳೆತಂದಿದ್ದರು.

"ನಾಡಿದ್ದು ಮಗಳ ಮದುವೆ ಸರ್. ಚಪ್ಪರ ಬೂದಿಯಾಯ್ತು. ಬೆಂಕಿ ಕೊಟ್ಟದ್ದು ಇವನೇ."

ಇನ್‌ಸ್ಪೆಕ್ಟರ್ ಗುರುವಪ್ಪ ಸಂಕಪ್ಪನನ್ನು ನೋಡಿದರು. "ಎಂತ ಹೇಳ್ತಿ?"

"ಬೀಡಿ ಸೇದಿದ್ದು ಹೌದು ಸ್ವಾಮೀ. ಬಾವಿಕಟ್ಟೆಯ ಹತ್ತಿರ. ಕಾಲಲ್ಲಿ ತಿಕ್ಕಿ ಆರಿಸಿದ್ದೇನೆ."

"ಬೆಳಿಗ್ಗೆ ಹೇಳಿದ್ದೆಂತ? ಅದನ್ನೂ ಹೇಳು ಮಾರಾಯ," ಎಂದು ದೇರಣ್ಣ ಗುಡುಗಿದರು.

ಸಂಕಪ್ಪನ ತಲೆ ಬಗ್ಗಿತು. "ಬೀಡಿಗೆ ಬೈದರು. ನಿಮ್ಮ ಚಪ್ಪರ ಸುಟ್ಟು ಹೋಗ್ಲಿ ಅಂತ ಬಾಯಿಗೆ ಬಂತು. ಬಾಯಿಗೆ ಬಂದದ್ದು ಅಷ್ಟೇ, ಸ್ವಾಮೀ."

ಹೆಡ್ ಕಾನ್‌ಸ್ಟೇಬಲ್ ಶೀನಪ್ಪ ಎಫ್.ಐ.ಆರ್. ಬರೆದ. ಆ ಒಂದು ಮಾತು ಸಾಕಿತ್ತು, ಸಂಕಪ್ಪನ ಮೇಲಿನ ಪ್ರಕರಣ ಗಟ್ಟಿಯಾಗಲು.

ಮೂರೂವರೆಗೆ ಸ್ಥಳ ಪಂಚನಾಮೆ. ಬಾವಿಕಟ್ಟೆ ಒಂದು ಮೂಲೆಯಲ್ಲಿ. ಬೀಡಿಯ ತುಂಡು ಅಲ್ಲೇ ನೆಲದಲ್ಲಿ ಚಪ್ಪಟೆಯಾಗಿ ಬಿದ್ದಿತ್ತು. ಬೆಂಕಿ ಹುಟ್ಟಿದ್ದು ಇನ್ನೊಂದು ಮೂಲೆಯಲ್ಲಿ. ಅಂಗಳಕ್ಕೆ ಹಾಸಲು ತಂದ ಬೈಹುಲ್ಲು ಅಲ್ಲಿ ಹರಡಿತ್ತು. ಎರಡು ಟಯರ್ ಗುರುತುಗಳ ನಡುವೆ ಮಾತ್ರ ನೆಲ ಹಂಚಿನಂತೆ ಕಪ್ಪಗೆ ಬೆಂದಿತ್ತು. ಯಾರೋ ಅಲ್ಲಿ ಕೂತು ಒಲೆ ಹೂಡಿ ಎದ್ದು ಹೋದ ಹಾಗೆ.

"ಇಲ್ಲಿ ಯಾರ ಗಾಡಿ ನಿಂತಿತ್ತು?"

"ಮದುಮಗನ ಸೋದರಮಾವನದ್ದು, ಸಂಪಾಜೆ ತೀರ್ಥರಾಮರದ್ದು," ಎಂದರು ದೇರಣ್ಣ. "ಧಾರೆಯ ಸೀರೆ ಕೊಟ್ಟು ಹತ್ತು ನಿಮಿಷದಲ್ಲಿ ಹೋದರು. ಗಾಡಿ ಬಂದ್ ಸಹ ಮಾಡ್ಲಿಲ್ಲ. ಅವರು ಹೋದ ಮೇಲೆ ಹೊಗೆ ಎದ್ದದ್ದು."

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ತೀರ್ಥರಾಮ ಕಾರು ತಂದರು. ಬೊಂಬಾಯಿಯ ಯಾವುದೋ ವಿದೇಶಿ ಕಚೇರಿಯ ಹರಾಜಿನಲ್ಲಿ ಹಿಡಿದ ಜಪಾನಿನ ಬಿಳಿ ಕಾರು. ವಾಹನ ತಪಾಸಣೆಗೆ ಠಾಣೆಯವರು ಯಾವಾಗಲೂ ಕರೆಸುವುದು ದರ್ಬೆಯ ಮೆಕ್ಯಾನಿಕ್ ಸರ್ವೋತ್ತಮನನ್ನು. ಹದಿನಾಲ್ಕು ವರ್ಷದಲ್ಲಿ ಅವನ ಗ್ಯಾರೇಜಿನಿಂದ ರೋಗ ಸಮೇತ ಹೊರಬಿದ್ದ ಗಾಡಿ ಒಂದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು.

ಸರ್ವೋತ್ತಮ ಕಾರಿನ ಅಡಿಗೆ ನುಸುಳಿ, ಎದ್ದು ಕೈ ಒರೆಸಿದ. "ಗಾಡಿಯಲ್ಲಿ ಎಂತ ತೊಂದರೆಯೂ ಇಲ್ಲ ಸರ್." ತಪಾಸಣೆಯ ವರದಿಗೆ ಸಹಿ ಹಾಕಿದ.

ಗುರುವಪ್ಪನವರಿಗೆ ಮಾತ್ರ ಆ ಕಾರಿನ ಒಳಗೆ ಕೂರುವ ಆಸೆ. ಕೂತು ಕೀಲಿ ತಿರುಗಿಸಿದರು. ಮುಂದಿನ ಫಲಕದಲ್ಲಿ ಎಚ್ಚರಿಕೆ ದೀಪಗಳ ಐದು ಪುಟ್ಟ ಕಿಟಕಿಗಳಿದ್ದವು, ನಾಲ್ಕು ಬೆಳಗಿದವು. ಐದನೆಯದರ ಕೆಂಪು ಅಕ್ಷರ ಕತ್ತಲಲ್ಲೇ ಉಳಿಯಿತು. ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಏಳು ಜನ ತಂಗಿಯರನ್ನು ಹೆಸರು ಹಿಡಿದು ಕರೆದಾಗ ಆರು ಜನ ಓಗೊಡುತ್ತಿದ್ದರು. ಕತೆ ಇರುತ್ತಿದ್ದದ್ದು ಓಗೊಡದವಳಲ್ಲಿ.

"ಇದು ಎಂತದು?"

"ಹೊಗೆ ಕೊಳವೆ ಮಿತಿ ಮೀರಿ ಕಾದರೆ ಹೊತ್ತುವ ದೀಪ ಅಂತ ಬೊಂಬಾಯಿಯವರು ಹೇಳಿದ್ದು," ಎಂದರು ತೀರ್ಥರಾಮ. "ಹೋದ ತಿಂಗಳು ಏರಿನಲ್ಲೆಲ್ಲ ಹೊತ್ತುತ್ತಿತ್ತು. ಇವನೇ ಸರಿ ಮಾಡಿಕೊಟ್ಟ."

"ಕೊಳವೆಗೆ ಚುಚ್ಚಿಟ್ಟ ಸೆನ್ಸರ್ ಹಾಳು ಸರ್. ಸುಮ್ಮನೆ ಹೆದರಿಸುತ್ತಿತ್ತು. ಅದು ಲೆಕ್ಕಕ್ಕಿಲ್ಲ," ಎಂದ ಸರ್ವೋತ್ತಮ, ಹೊರಟೂ ಹೋದ.

ಅವನ ಬೆನ್ನು ತಿರುಗಿದ ಮೇಲೆ ಗುರುವಪ್ಪ ಸೀಟಿನ ಅಡಿಯ ಚಾಪೆ ಎತ್ತಿಸಿದರು. ದೀಪಕ್ಕೆ ಹೋಗುವ ತಂತಿಯನ್ನು ಯಾರೋ ಕತ್ತರಿಸಿದ್ದರು. ಎರಡೂ ತುದಿಗಳನ್ನು ಒಂದಕ್ಕೊಂದು ತಾಗದ ಹಾಗೆ ಬಾಳೆನಾರಿನಿಂದ, ಮಲ್ಲಿಗೆ ಕಟ್ಟುವ ಗಂಟು ಹಾಕಿ, ಅಚ್ಚುಕಟ್ಟಾಗಿ ಬಿಗಿದಿತ್ತು.

ಶೀನಪ್ಪ ನಕ್ಕ. "ಸರ್ವೋತ್ತಮ ನಮ್ಮ ಜೀಪಿಗೂ ಇದೇ ಹೂವು ಮುಡಿಸಿದ್ದಾನೆ ಸರ್."

ಜೀಪಿನ ಹಾರ್ನ್ ತಂತಿ ಎಳೆದು ನೋಡಿದರು. ಅದೇ ನಾರು, ಅದೇ ಗಂಟು. ಪಂಚರ ಎದುರು ಎರಡನ್ನೂ ಬರೆದುಕೊಂಡರು.

ಆದರೆ ಸೆನ್ಸರ್ ನಿಜವಾಗಿ ಹಾಳಾಗಿತ್ತೇ? ಹಾಳಾಗಿದ್ದರೆ ಕತ್ತರಿಸಿದ್ದು ತಪ್ಪಲ್ಲ, ಸಂಕಪ್ಪನ ತಲೆಯ ಮೇಲಿನ ಕತ್ತಿಯೂ ಕೆಳಗಿಳಿಯುವುದಿಲ್ಲ. ಹತ್ತೂವರೆಗೆ ಬಸ್ ಮೆಕ್ಯಾನಿಕ್ ಅಬ್ಬಾಸ್ ಬಂದ. ಎಂಜಿನ್ ಚಾಲೂ ಮಾಡಿ, ನಾಲ್ಕು ಪ್ಲಗ್ಗುಗಳ ತಂತಿಯನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದ. ಮೊದಲ ಮೂರನ್ನು ಕಿತ್ತಾಗ ಎಂಜಿನ್ ಮುಗ್ಗರಿಸಿತು. ಕೊನೆಯದನ್ನು ಕಿತ್ತಾಗ ಏನೂ ಆಗಲಿಲ್ಲ.

"ಇದು ಸತ್ತಿದೆ ಸರ್. ಇದರ ಪೆಟ್ರೋಲ್ ಉರಿಯದೆ ಕೊಳವೆಗೆ ಹೋಗುದು, ಅಲ್ಲಿ ಹೊಗೆ ಶುದ್ಧ ಮಾಡುವ ಈ ಡಬ್ಬಿಯಲ್ಲಿ ಉರಿಯುದು, ಡಬ್ಬಿ ಕೆಂಡ ಆಗುದು. ಸೆನ್ಸರ್ ಕಡ್ಡಿ ಪಾಪ, ಸರಿಯಾಗಿಯೇ ಕೂಗಿದ್ದು."

ಕತ್ತರಿಸಿದ ತಂತಿ ಕೂಡಿಸಿದರು. ಕೀಲಿ ತಿರುಗಿಸಿದಾಗ ಐದೂ ದೀಪ ಹೊತ್ತಿ, ಎಂಜಿನ್ ಹಿಡಿದ ಮೇಲೆ ಆರಿದವು. ಬೆಟ್ಟಂಪಾಡಿಯ ಏರಿನಲ್ಲಿ ಅರ್ಧ ಗಂಟೆ ಓಡಿಸಿದಾಗ ಕೆಂಪು ಅಕ್ಷರ ತಾನಾಗಿ ಮೂಡಿತು. ಕೂಡಲೇ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ, ಅಡಿಗೆ ಒಂದು ಹಿಡಿ ಬೈಹುಲ್ಲು ತುರುಕಿದರು. ಕೊಡದಲ್ಲಿ ನೀರು ತಯಾರಿತ್ತು. ಶೀನಪ್ಪ ಗಡಿಯಾರ ನೋಡಿದ. ಹತ್ತನೆಯ ನಿಮಿಷಕ್ಕೆ ಹೊಗೆ, ಹನ್ನೊಂದಕ್ಕೆ ಜ್ವಾಲೆ.

ಮಧ್ಯಾಹ್ನ ಎರಡಕ್ಕೆ ಸಂಕಪ್ಪನನ್ನು ಬಿಟ್ಟರು. ಬಾಗಿಲಲ್ಲಿ ದೇರಣ್ಣ ಅವನ ಮುಖ ನೋಡಲಾರದೆ ಶಾಲು ಸರಿಪಡಿಸಿಕೊಂಡರು. "ನಾಳೆ ಬೆಳಿಗ್ಗೆ ಮುಹೂರ್ತ ಸಂಕಪ್ಪ..."

"ತೆಂಗಿನ ಮಡಲು ತರಿಸಿ ಇಡಿ. ರಾತ್ರಿಗೆ ಮೊದಲು ಕಟ್ಟಿ ಮುಗಿಸುವ," ಎಂದ ಸಂಕಪ್ಪ. "ಬೀಡಿಗೆ ಮಾತ್ರ ಬಯ್ಯಬಾರದು."

ಮೂರಕ್ಕೆ ದರ್ಬೆಯಲ್ಲಿ ಸರ್ವೋತ್ತಮನ ಬಂಧನವಾಯಿತು. ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ, ಪೊಲೀಸರಿಗೆ ಸುಳ್ಳು ವರದಿ. ಮೇಜಿನ ಮೇಲೆ ಬಾಳೆನಾರಿನ ಎರಡು ಗಂಟು ಇಟ್ಟದ್ದೇ ತಡ, ಅವನು ಕುರ್ಚಿ ಎಳೆದು ಕೂತ.

"ನಾಲ್ಕು ದಿನ ನೋಡಿದೆ ಸರ್. ಕಡ್ಡಿ ಬಿಚ್ಚಿದೆ, ಕಾಯಿಸಿದೆ, ತಣಿಸಿದೆ. ಹೊರಗೆ ಬೆಂಚಿನಲ್ಲಿ ಜನ ಕೂತು ಕೇಳುತ್ತಿದ್ದರು, ಜಪಾನಿನ ರೋಗ ಸಿಕ್ಕಿತಾ ಅಂತ."

"ಸಂಕಪ್ಪ ಒಳಗೆ ಕೂತದ್ದು ಗೊತ್ತಿತ್ತಲ್ಲ?"

ಅವನು ಮೇಜಿನ ಮೇಲಿನ ಒಂದು ಗಂಟನ್ನು ಬೆರಳಿಂದ ಆಚೆ ದೂಡಿದ.

"ಸೆನ್ಸರ್ ಹಾಳಾಗಿದೆ ಅಂತ ಹೇಗೆ ತೀರ್ಮಾನಿಸಿದೆ?"

ಸರ್ವೋತ್ತಮ ಎಣ್ಣೆ ಹಿಡಿದ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ.

"ಹಾಳಾಗಿತ್ತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ ಸರ್."

ಶೀನಪ್ಪನ ಪೆನ್ನು ನಿಂತಿತು. ಹದಿನಾಲ್ಕು ವರ್ಷದಲ್ಲಿ ಆ ಮಾತು ಆ ಬಾಯಿಂದ ಅವನು ಕೇಳಿದ್ದು ಅದೇ ಮೊದಲು. ಗುರುವಪ್ಪ ಮೆಲ್ಲಗೆ ಹೇಳಿದರು, "ಬರೆದುಕೊಳ್ಳಿ. ಹೇಳಿದ ಹಾಗೆಯೇ."