ಸತ್ತವರ ಸಾಲಿನ ಟಿಕೆಟ್ಟು

“ಬೇಕಾದ್ರೆ ಗೋಲಿನ ಕಂಬ ಕಿತ್ತು ಮಾರ್ಕೊ ಮಗಾ. ಆ ಮುಂದಿನ ಸಾಲನ್ನ ಮಾತ್ರ ಮುಟ್ಟಬೇಡ,” ಎಂದಳು ಪೆರ್ಸಿದಾ ಅಜ್ಜಿ.

ಓಗ್ನೆನ್ ನಕ್ಕ. ಬೆಲ್‌ಗ್ರೇಡಿನಲ್ಲಿ ಓದಿ, ಅಲ್ಲಿನ ದೊಡ್ಡ ಕಂಪನಿಗಳ ಹಣಕಾಸು ನೋಡಿಕೊಂಡಿದ್ದವನು. ಈ ತಾಮ್ರದ ಗಣಿಯೂರಿನ ಬಾಕರ್ ಎಂಬ ಫುಟ್‌ಬಾಲ್ ಕ್ಲಬ್ಬನ್ನು ಮುಳುಗದಂತೆ ಉಳಿಸಲೆಂದು ಬಂದಿದ್ದ. ಅಜ್ಜಿ ಕ್ಲಬ್ಬಿನ ಅಧ್ಯಕ್ಷ ಗವ್ರಿಲೋನ ತಾಯಿ. ಅವಳ ಕಪ್ಪು ಶಾಲಿನಿಂದ ಮೇಣದ ಬತ್ತಿಯ ವಾಸನೆ ಬರುತ್ತಿತ್ತು. ಕಿಟಕಿಯಾಚೆಯಿಂದ ಅದಿರು ಕರಗಿಸುವ ಕುಲುಮೆಯ ಗಂಧಕದ ಹೊಗೆ.

“ಯಾಕಜ್ಜಿ, ನಿಮ್ಮ ಸತ್ತವರು ಟಿಕೆಟ್ ತಗೋತಾರಾ?”

“ತಗೊಂಡಾಗಿದೆ. ನೀನು ಕೇಳೋದಕ್ಕಿಂತ ಜಾಸ್ತಿನೇ ಕೊಟ್ಟು.”

ಬಹಳ ಹಿಂದೆ ಊರಿನ ಗಣಿ ಕುಸಿದ ವರ್ಷ ಕ್ಲಬ್ಬಿನ ತಂಡದಲ್ಲಿ ಆಡುತ್ತಿದ್ದ ಗಂಡಸರು ಒಳಗೇ ಉಳಿದುಹೋದರು. ಒಂದು ಹೆಣವೂ ಮೇಲೆ ಬರಲಿಲ್ಲ. ಅವರ ಹೆಂಡಂದಿರು ನಮ್ಮ ವ್ಲಾಹ ಜನಾಂಗದ ಹೆಂಗಸರು. ಸತ್ತವನಿಗೆ ಸೇರಬೇಕಾದ್ದನ್ನು ಅವನ ಹೆಸರು ಹೇಳಿ, ಬದುಕಿರುವವನ ಕೈಗೆ ಕೊಡುವುದು ನಮ್ಮ ಕ್ರಮ. ಅಂಗಿಯನ್ನು ತೊಡುವವನು ಇಲ್ಲಿರುತ್ತಾನೆ, ಬೆಚ್ಚಗಾಗುವವನು ಅಲ್ಲಿ. ಆ ಹೆಂಗಸರು ಗ್ಯಾಲರಿಯ ಮುಂದಿನ ಸಾಲನ್ನೇ ಕೊಟ್ಟುಬಿಟ್ಟರು, ಒಂದೊಂದು ಜಾಗಕ್ಕೆ ಒಂದೊಂದು ಹೆಸರು ಹೇಳಿ. ಅಂದಿನಿಂದ ಅವರ ಮಕ್ಕಳು, ತಮ್ಮಂದಿರು ಅಲ್ಲಿ ದುಡ್ಡು ಕೊಡದೆ ಕೂರುತ್ತಿದ್ದರು. ಆಟಕ್ಕೆ ಮುಂಚೆ ಕ್ಲಬ್ಬಿನ ಖರ್ಚಿನಲ್ಲಿ ಕುರಿ ಮಾಂಸ, ರೊಟ್ಟಿ, ಒಂದು ಗುಟುಕು ರಾಕಿಯಾ ಸಾರಾಯಿ. ಉಣ್ಣುವ ಮೊದಲು ತಮ್ಮವರ ಹೆಸರು. ಆಮೇಲೆ ಆಟ ನೋಡುತ್ತಿದ್ದ ಕಣ್ಣುಗಳು ಯಾರವೆಂದು ಊರಲ್ಲಿ ಯಾರೂ ಕೇಳುತ್ತಿರಲಿಲ್ಲ. ಆಳ ತಿಳಿಯದ ನೀರಿಗೆ ನಾವು ಕೈ ಮುಗಿಯುತ್ತೇವೆ, ಕೋಲು ಹಾಕಿ ಅಳೆಯುವುದಿಲ್ಲ.

ಓಗ್ನೆನ್ ಅಳೆಯಲು ಬಂದವನು.

“ನೋಡಿ ಅಧ್ಯಕ್ಷರೇ,” ಎಂದ ಗವ್ರಿಲೋನ ಮುಂದೆ ಕೂತು. “ದುನಾವ್ ನದಿ ದಂಡೆಯ ತಂಡ ಮುಂದಿನ ಸಾಲನ್ನ ಕಂಪನಿಗಳಿಗೆ ಮಾರಿದೆ. ಅವರ ಡಿಫೆಂಡರುಗಳ ಸಂಬಳ ಅದೊಂದರಿಂದಲೇ ಹೊರಡುತ್ತೆ. ದಕ್ಷಿಣದ ತಂಡದವರು ವರ್ಷಕ್ಕೊಬ್ಬ ಹುಡುಗನ್ನ ತಯಾರು ಮಾಡಿ ಹೊರದೇಶಕ್ಕೆ ಮಾರ್ತಾರೆ. ನೀವು? ಬರೋದಕ್ಕಿಂತ ಸಂಬಳ ಜಾಸ್ತಿ, ಅದರ ಮೇಲೆ ಸತ್ತವರಿಗೆ ಬಾಡೂಟ! ಲೀಗಿನವರು ಲೈಸೆನ್ಸ್ ಕಿತ್ಕೊಂಡ್ರೆ ಆ ಸಾಲಿನೋರು ಯಾರ ಆಟ ನೋಡ್ತಾರೆ?”

ಗವ್ರಿಲೋ ತನ್ನ ದಪ್ಪ ಬೆರಳುಗಳನ್ನೇ ನೋಡುತ್ತ ಕೂತಿದ್ದ. ಅವನು ಹುಟ್ಟುವ ಮೊದಲೇ ಅವನಪ್ಪ ಫ್ಲೋರಿಯನ್ ಆ ಗಣಿಯಲ್ಲಿ ಹೋಗಿದ್ದ. “ಕೊಟ್ಟಿದ್ದನ್ನ ಮಾರಬಾರದು ಕಣಯ್ಯಾ. ಹೆಸರು ಹೇಳಿ ಉಂಡ್ರೆ ಅವರು ಊಟ ಮಾತ್ರ ತಗೋತಾರೆ. ಹೇಳದೆ ಕೂತ್ರೆ...”

“ಕೂತ್ರೆ?”

“ಕೂತವನನ್ನೇ ತಗೋತಾರೆ.”

“ಹಾಗಾದ್ರೆ ದುನಾವ್‌ನೋರಿಗೇ ಮಾರೋಣ ಬಿಡಿ. ದುಡ್ಡಿಗೆ ದುಡ್ಡೂ ಆಯ್ತು, ಪೀಡೆನೂ ತೊಲಗ್ತು!”

ಗವ್ರಿಲೋ ನಗಲಿಲ್ಲ. ಆದರೆ ಲೈಸೆನ್ಸಿನ ಭಯ ದೊಡ್ಡದು. ರುಜು ಹಾಕಿದ.

ಬೆಂಚು ಕೀಳಲು ಊರಿನ ಒಬ್ಬ ಆಳೂ ಬರಲಿಲ್ಲ, ಹೊರಗಿನಿಂದ ಕರೆಸಬೇಕಾಯಿತು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಸಿಮೆಂಟ್ ಕಂಪನಿಯೊಂದು, ಬ್ಯಾಂಕೊಂದು ಸಾಲನ್ನು ಹಂಚಿಕೊಂಡು ಕೊಂಡವು. ನಟ್ಟನಡುವಿನ ಕುರ್ಚಿಯೊಂದನ್ನು ಓಗ್ನೆನ್ ಮಾರಲಿಲ್ಲ, ಅಪ್ಪನಿಗೆಂದು ಇಟ್ಟುಕೊಂಡ. ಅಪ್ಪ ತಿಹೋಮಿರ್ ರೈಲ್ವೆಯಲ್ಲಿ ದುಡಿದ ಮನುಷ್ಯ. ತಾಯಿಯಿಲ್ಲದ ಮಗನನ್ನು ಓದಿಸಲು ಹಗಲಿರುಳು ಹಳಿ ಕಾಯ್ದವನು. ಜೀವಮಾನವಿಡೀ ತನ್ನೂರಿನ ಗ್ಯಾಲರಿಯ ಹಿಂದಿನ ಮೆಟ್ಟಿಲಲ್ಲಿ ನಿಂತುಕೊಂಡೇ ಆಟ ನೋಡಿದವನು. ಓಗ್ನೆನ್‌ಗೆ ಈ ಲೋಕದಲ್ಲಿ ತನ್ನವರೆಂದು ಇದ್ದದ್ದು ಆ ಒಬ್ಬನೇ.

ನವೆಂಬರಿನ ಮಧ್ಯಾಹ್ನ ದುನಾವ್ ತಂಡದೊಡನೆ ಆಟ. ಬೆಟ್ಟದಿಂದ ಮಂಜು ಇಳಿದಿತ್ತು. ಜಾಗ ಕಳೆದುಕೊಂಡ ಮುದುಕರು ಬೇಲಿಯಾಚೆ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅಪ್ಪನೊಡನೆ ಬಂದ ಓಗ್ನೆನ್‌ನನ್ನು ಬಾಗಿಲಲ್ಲಿ ಪೆರ್ಸಿದಾ ಅಜ್ಜಿ ತಡೆದಳು.

“ನಿಮ್ಮಪ್ಪನ್ನ ಎಲ್ಲಿ ಕೂರಿಸ್ತೀಯ?”

“ಮಧ್ಯದಲ್ಲಿ. ರಾಜನ ಹಾಗೆ.”

ಅಜ್ಜಿ ಅವನ ಕೋಟಿನ ತೋಳು ಹಿಡಿದಳು. “ಅದು ನನ್ನ ಯಜಮಾನರ ಜಾಗ. ಫ್ಲೋರಿಯನ್ ಅಂತ ಒಂದು ಹೆಸರಾದ್ರೂ ಹೇಳಿ ಕೂರಿಸೋ. ನಿನ್ನ ಕಾಲಿಗೆ ಬೀಳ್ತೀನಿ.”

“ನಮ್ಮಪ್ಪನಿಗೆ ಅವರದೇ ಹೆಸರಿದೆ ಅಜ್ಜಿ,” ಎಂದು ಓಗ್ನೆನ್ ಅಪ್ಪನ ತೋಳು ಹಿಡಿದು ನಡೆದ. ತಿಹೋಮಿರ್ ಮಾತ್ರ ಹಿಂತಿರುಗಿ ನೋಡಿದ. “ಬೇಜಾರು ಮಾಡ್ಕೋಬೇಡಿ ತಾಯಿ. ಇವತ್ತೊಂದು ದಿನ ಕೂತು ಎದ್ದುಬಿಡ್ತೀನಿ.”

ಆಟ ಶುರುವಾಯಿತು. ಓಗ್ನೆನ್ ಅಪ್ಪನ ಕುರ್ಚಿಯ ಪಕ್ಕದಲ್ಲೇ ನಿಂತಿದ್ದ. ತಿಹೋಮಿರ್ ಮಾಂಸ ತುಂಬಿದ ಬುರೆಕ್ ತಿಂಡಿಯನ್ನು ಕಚ್ಚಿದ. ಇನ್ನೊಂದು ತರಿಸಿದ. ಮತ್ತೊಂದು.

“ಏನಪ್ಪಾ, ಮದುವೆ ಮನೆಗೆ ಬಂದಿದ್ದೀಯಾ?”

“ರುಚಿನೇ ಗೊತ್ತಾಗ್ತಿಲ್ಲ ಕಣೋ. ತಿಂದಷ್ಟೂ ಒಳಗೆ ಖಾಲಿ ಖಾಲಿ.” ಅಪ್ಪ ನಗಲು ನೋಡಿದ.

ಪಕ್ಕದಲ್ಲಿದ್ದ ಬ್ಯಾಂಕಿನವನು ದಿಢೀರನೆ ಎದ್ದು ನಿಂತ. ಅವನ ಕೋಟಿನ ಬೆನ್ನು ತೊಪ್ಪೆಯಾಗಿತ್ತು. ಮಳೆ ಬಂದಿರಲಿಲ್ಲ. “ಕಾಲಡಿಯಲ್ಲಿ ಯಾರೋ ಗುದ್ದಲಿ ಹೊಡೀತಿದ್ದಾರೆ,” ಎಂದವನೇ ಹೊರಟುಹೋದ. ಅವನ ಹಿಂದೆ ಇನ್ನೊಬ್ಬ. ವಿರಾಮದ ಹೊತ್ತಿಗೆ ಆ ಸಾಲಿನಲ್ಲಿ ಉಳಿದವರು ಅಪ್ಪ ಮಗ ಇಬ್ಬರೇ.

ಮಂಜು ಮೈದಾನವನ್ನು ನುಂಗುತ್ತ ಬಂತು. ಮೊದಲು ದೂರದ ಗೋಲು ಮರೆಯಾಯಿತು, ಆಮೇಲೆ ನಡುಗೆರೆ. ಆಟಗಾರರ ಕೂಗು ಮಾತ್ರ ಕೇಳುತ್ತಿತ್ತು. ಕೊನೆಗೆ ರೆಫ್ರಿ ಆಟ ನಿಲ್ಲಿಸಿದ. ಜನ ಗೊಣಗುತ್ತ ಹೊರಟರು. ಸಂಜೆಯ ಮಬ್ಬು. ಗಂಧಕದ ಘಾಟು. ಅದರ ಕೆಳಗಿನಿಂದ ಬೇರೊಂದು ವಾಸನೆ ಏಳುತ್ತಿತ್ತು: ಬಹಳ ವರ್ಷದಿಂದ ಗಾಳಿ ಕಾಣದ ಮಣ್ಣಿನದು.

“ಏಳಪ್ಪಾ, ಹೋಗೋಣ.”

ಅಪ್ಪ ಏಳಲಿಲ್ಲ.

ಓಗ್ನೆನ್ ಅವನ ಕೈ ಹಿಡಿದ. ಹಿಡಿದವನೇ ಬಿಟ್ಟುಬಿಟ್ಟ. ಬೆರಳುಗಳು ಹಸಿರಾಗಿದ್ದವು. ಬೆಳಗದೆ ಬಿಟ್ಟ ತಾಮ್ರದ ಪಾತ್ರೆಗೆ ಕಿಲುಬು ಹಿಡಿದ ಹಾಗೆ. ಉಗುರಿನಿಂದ ಮಣಿಕಟ್ಟಿಗೆ ಅದು ಏರುತ್ತಿತ್ತು. ಕಣ್ಣೆದುರೇ ಏರುತ್ತಿತ್ತು.

“ಅಪ್ಪಾ!”

ತಿಹೋಮಿರ್‌ನ ಬಾಯಿ ತೆರೆಯಿತು. ಹೊರಟದ್ದು ಹರೆಯದ ಗಂಡಸೊಬ್ಬನ ದನಿ.

“ಪೆರ್ಸಿದಾ, ದೀಪ ತಾರೇ. ಇಲ್ಲಿ ಕತ್ತಲು.”

ಓಗ್ನೆನ್ ಎಳೆದ. ಬಂಡೆ. ಭುಜ ತಬ್ಬಿ ಎತ್ತಿದ. ಬಂಡೆ. ಕುರ್ಚಿಯನ್ನೇ ಒದ್ದ. ಕಾಲಡಿಯ ಸಿಮೆಂಟಿನೊಳಗೆ ಟಕ್, ಟಕ್. ಬಲಗಡೆ ಖಾಲಿ ಕುರ್ಚಿಯೊಂದು ಯಾರೋ ಕೂತಂತೆ ಬಾಗಿತು. ಎಡಗಡೆ ಇನ್ನೊಂದು. ಅವನು ಕಿರುಚಿದ. ಯಾರ ಹೆಸರನ್ನು ಕಿರುಚಿದನೋ ಅವನಿಗೇ ತಿಳಿಯದು.

ಮಂಜಿನಲ್ಲಿ ಬೆಳಕೊಂದು ಬಂತು. ಪೆರ್ಸಿದಾ ಅಜ್ಜಿ. ಒಂದು ಕೈಯಲ್ಲಿ ಮೇಣದ ಬತ್ತಿ, ಇನ್ನೊಂದರಲ್ಲಿ ರೊಟ್ಟಿ, ಮಾಂಸ ಇಟ್ಟ ತಟ್ಟೆ. ಹಿಂದೆ ಗವ್ರಿಲೋ.

“ದುಡ್ಡೆಲ್ಲ ವಾಪಸ್ ಕೊಡ್ತೀನಿ ಅಜ್ಜಿ! ಬೆಂಚು ಹಾಕಿಸ್ತೀನಿ! ಎಲ್ಲ ಮೊದಲಿನ ಹಾಗೆ—”

“ಮಣ್ಣೊಳಗಿರೋರಿಗೆ ನಿನ್ನ ದುಡ್ಡು ಯಾಕಪ್ಪಾ? ಅವರಿಗೆ ಕೂರೋನೊಬ್ಬ ಬೇಕು. ಮನಸಾರೆ, ಹೆಸರು ಹೇಳಿ.”

“ನಾನು ಕೂರ್ತೀನಿ ಅಮ್ಮಾ,” ಎಂದ ಗವ್ರಿಲೋ. “ಇಷ್ಟು ವರ್ಷ ಕೂತವನು ನಾನೇ ಅಲ್ವಾ.” ರೊಟ್ಟಿ ಮುರಿದ. ಅಪ್ಪನ ಹೆಸರು ಹೇಳಿದ.

ಬತ್ತಿ ಆರಿತು.

ಅಜ್ಜಿ ಮತ್ತೆ ಹಚ್ಚಿದಳು. ಮಗನ ಕಡೆ ನೋಡಿದಳು. “ನಿನ್ನ ಒಪ್ಪಲಿಲ್ಲ. ರುಜು ಹಾಕಿ ನಿನ್ನ ಜಾಗ ನೀನೇ ಬಿಟ್ಟುಕೊಟ್ಟೆ.” ಅವಳು ಓಗ್ನೆನ್‌ನತ್ತ ತಿರುಗಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು. “ಮಾರಿದೋನು ನೀನು. ಅವರು ಕೇಳ್ತಾ ಇರೋದೂ ನಿನ್ನನ್ನೇ. ಆದ್ರೆ ನಾನು ಬಲವಂತ ಮಾಡಲ್ಲ ಮಗಾ. ಬಲವಂತಕ್ಕೆ ಕೊಟ್ಟಿದ್ದು ಅಲ್ಲಿಗೆ ಮುಟ್ಟಲ್ಲ.”

“ಕೂತ್ರೆ ಎದ್ದೇಳಬಹುದಾ?”

“ನನಗೆ ಗೊತ್ತಿಲ್ಲ. ಸುಳ್ಳು ಹೇಳಲಾರೆ.”

ಕಿಲುಬು ಅಪ್ಪನ ಕುತ್ತಿಗೆಗೆ ಬಂದಿತ್ತು. ಉಸಿರು ತೆಳುವಾಗುತ್ತಿತ್ತು. ಓಡಿಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು, ಕಾರು ಅಲ್ಲೇ ಇತ್ತು.

ಓಗ್ನೆನ್ ರೊಟ್ಟಿ ತೆಗೆದುಕೊಂಡ.

“ಈ ಜಾಗ, ಈ ರೊಟ್ಟಿ, ಈ ಬೆಳಕು... ಫ್ಲೋರಿಯನ್‌ಗೆ. ಅವನ ಬದಲು ಕೂರೋನು ನಾನು, ಓಗ್ನೆನ್.”

“ದೇವರು ಕ್ಷಮಿಸಲಿ,” ಎಂದಳು ಅಜ್ಜಿ. ಸತ್ತವನಿಗೆ ಕೊಡುವಾಗ ನಾವು ಹೇಳುವ ಮಾತು ಅದು. ಬೇಲಿಯಾಚೆಯ ಮುದುಕರೂ ಅದನ್ನೇ ಹೇಳಿದ್ದು ಮಂಜಿನಲ್ಲಿ ಗುಂಯ್‌ಗುಟ್ಟಿತು.

ಬತ್ತಿ ಆರಲಿಲ್ಲ.

ತಿಹೋಮಿರ್ ನೀರಿನಿಂದ ಮೇಲೆದ್ದವನಂತೆ ಉಸಿರೆಳೆದುಕೊಂಡ. ಗವ್ರಿಲೋ ಅವನನ್ನು ಎತ್ತಿದ. ಮುದುಕ ಹಗುರಾಗಿ ಎದ್ದ. ಕೈ ಬಿಳುಪಾಗಿತ್ತು, ಬೆಚ್ಚಗಿತ್ತು. ಆ ಕುರ್ಚಿಯಲ್ಲಿ ಓಗ್ನೆನ್ ಕೂತ. ಪ್ಲಾಸ್ಟಿಕ್ ಹಿಮದಂತೆ ತಣ್ಣಗಿತ್ತು. ಆಮೇಲೆ ತಣ್ಣಗಿರಲಿಲ್ಲ. ಆಮೇಲೆ ಏನೂ ತಿಳಿಯಲಿಲ್ಲ.

ಅಜ್ಜಿ ತಿಹೋಮಿರ್‌ನ ಹೆಗಲಿಗೆ ತನ್ನ ಶಾಲು ಹೊದಿಸಿ ಬಾಗಿಲ ಕಡೆ ನಡೆಸಿದಳು. ಅರ್ಧ ದಾರಿಯಲ್ಲಿ ಅವನು ನಿಂತ.

“ಎಂಥಾ ಹಸಿವು ಕಣೋ! ಬಾ ಮಗನೇ, ಮನೆಗೆ ಹೋಗಿ ಬಿಸಿ ಸಾರು ಮಾಡ್ಕೊಳ್ಳೋಣ. ಇನ್ನೂ ಯಾಕೆ ಕೂತಿದ್ದೀಯ?”

ಬಂದೆ ಅಪ್ಪಾ ಎನ್ನಲು ಓಗ್ನೆನ್ ಬಾಯಿ ತೆರೆದ. ನಾಲಿಗೆ ಹೊರಳಿತು. ಮಾತು ಬಂತು. ದನಿ ಅವನದಲ್ಲ.

“ಆಟ ಮುಗಿದಿಲ್ಲ.”

ಮೈದಾನದಲ್ಲಿ ಒಬ್ಬರೂ ಇರಲಿಲ್ಲ. ಗಣಿಯ ಕಡೆಯ ಮಂಜಿನೊಳಗಿಂದ ಯಾರೋ ಚೆಂಡು ಒದ್ದ ಸದ್ದು ಬಂತು. ಓಗ್ನೆನ್‌ನ ಕುತ್ತಿಗೆ ತಾನಾಗಿಯೇ ಅತ್ತ ಹೊರಳಿತು. ಬೆನ್ನ ಹಿಂದೆ ಅಪ್ಪ ಕರೆಯುತ್ತಲೇ ಇದ್ದ.