ಕಲ್ಲಾದವರ ಉತ್ತರ

ನಮ್ಮ ಅಜ್ಜಂದಿರ ಅಜ್ಜಂದಿರಿಗೂ ನೆನಪಿಲ್ಲದಷ್ಟು ಹಿಂದೆ, ಸಾಲಿಪುರ ಎಂಬ ರಾಜ್ಯವಿತ್ತು. ಅಲ್ಲಿನ ರಾಜ ಒಳ್ಳೆಯವನೇ, ಆದರೆ ನಿದ್ದೆಬುರುಕ. ರಾಜ್ಯಭಾರವನ್ನೆಲ್ಲ ಜಟಿಲಾಕ್ಷನೆಂಬ ಮಾಂತ್ರಿಕನ ಕೈಗೆ ಕೊಟ್ಟು ಹಾಯಾಗಿ ಮಲಗಿಬಿಟ್ಟಿದ್ದ.

ಜಟಿಲಾಕ್ಷ ಒಂದು ಕಟ್ಟಳೆ ಮಾಡಿದ. ಅರಮನೆಯಲ್ಲಿ ಕೆಲಸ ಬೇಕೆನ್ನುವವರು ಮೂರು ಬಾಗಿಲು ದಾಟಬೇಕು. ಒಂದೊಂದು ಬಾಗಿಲಲ್ಲೂ ಒಂದೊಂದು ಗುಪ್ತಭಾಷೆಯ ಪ್ರಶ್ನೆ. ಮೂರನ್ನೂ ಬಿಡಿಸಿದವರಿಗೆ ಕೆಲಸ, ಜೊತೆಗೆ ಬೇಡಿದ ವರ. ಮೂರನೆಯ ಬಾಗಿಲಲ್ಲಿ ಸೋತವರು ಕಲ್ಲುಕಂಬ. ಸೋತವರು ನುಡಿದ ಉತ್ತರವನ್ನು ಅವರ ಎದೆಯ ಮೇಲೆಯೇ ಕೆತ್ತಿಸಿ, ಅರಮನೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. ಗೆದ್ದವರು ಒಬ್ಬರೂ ಇಲ್ಲ. ಕೆಲಸಗಳೇನೂ ಖಾಲಿ ಬಿದ್ದಿರಲಿಲ್ಲ, ಮಾಂತ್ರಿಕನಿಗೆ ಭಾವಮೈದುನರು ಬೇಕಾದಷ್ಟಿದ್ದರು.

ಆ ಊರಿನಲ್ಲಿ ಮಂಡಕ್ಕಿ ಭಟ್ಟಿಯ ಈರವ್ವನಿಗೆ ಇಬ್ಬರು ಮಕ್ಕಳು. ಮಗ ಕೆಂಚರಾಯ, ಮಗಳು ಮುದ್ದವ್ವ. ಕೆಂಚರಾಯ ಭಟ್ಟಿಯ ಮರಳನ್ನು ನೆಲದ ಮೇಲೆ ಹರವಿ, ಕ ದಿಂದ ಳ ವರೆಗೆ ಮೂವತ್ತನಾಲ್ಕು ಅಕ್ಷರ ಬರೆದು, ಕೆಳಗೆ ಒಂದೊಂದಕ್ಕೂ ಸಂಖ್ಯೆ ಹಾಕಿ, ಬೆರಳಿಟ್ಟು ಎಣಿಸುತ್ತಾ ಕೂರುತ್ತಿದ್ದ. ಪುಟ್ಟ ಮುದ್ದವ್ವ ಪಕ್ಕದಲ್ಲಿ ಕೂತು ತಾನೂ ಎಣಿಸುತ್ತಿದ್ದಳು.

"ಮುದ್ದೀ, ಎಣಿಸದೆ ಉತ್ತರ ಹೇಳಬೇಡ. ಎಣಿಸಿದ ಮೇಲೆ ಹೆದರಬೇಡ," ಅನ್ನುತ್ತಿದ್ದ.

ಇಪ್ಪತ್ತು ತುಂಬಿದಾಗ ಕೆಂಚರಾಯ ಬಾಗಿಲುಗಳೊಳಗೆ ಹೋದ. ಮರುದಿನ ಅಂಗಳದಲ್ಲಿ ಒಂದು ಹೊಸ ಕಂಬ ನಿಂತಿತ್ತು. ಎದೆಯ ಮೇಲೆ ಮೂರು ಅಕ್ಷರ: ಬಷಫ. ಪಕ್ಕದ ಕಂಬದ ಮೇಲೂ ಬಷಫ. ಅದರ ಪಕ್ಕದ್ದರ ಮೇಲೂ ಅದೇ. ಪ್ರಶ್ನೆ ಏನಿತ್ತೆಂದು ಹೇಳಲು ಒಳಗಿನಿಂದ ಯಾರೂ ತಿರುಗಿ ಬಂದಿರಲಿಲ್ಲ. ಹಾಗಾಗಿ ಊರಿನವರಿಗೆ ಅದು ದಡ್ಡರ ಮಾತಾಯಿತು. ಮಕ್ಕಳು ಜಗಳವಾಡಿದರೆ "ಹೋಗೋ ಬಷಫ" ಎಂದು ಬೈಯುತ್ತಿದ್ದರು.

ಈರವ್ವ ಹನ್ನೆರಡು ವರ್ಷ ದಿನವೂ ಹೋಗಿ ಮಗನ ಕಲ್ಲುಮುಖ ಒರೆಸಿ ಬಂದಳು. ಒರೆಸುವಾಗಲೂ ಗೊಣಗುತ್ತಿದ್ದಳು: "ಭಟ್ಟಿ ಮುಂದೆ ಕೂರಿಸದೆ ಓದಾಕೆ ಬಿಟ್ಟೆನಲ್ಲೋ. ನೀನು ಸರಿಯಾಗಿ ಓದಲೇ ಇಲ್ಲ." ಸಾಯುವ ದಿನವೂ ಮಗಳ ಕೈ ಹಿಡಿದು ಅದನ್ನೇ ಅಂದಳು. "ನಮ್ಮ ಕೆಂಚ ಒಳ್ಳೇನು ಕಣೇ. ಆದ್ರೆ ದಡ್ಡ."

ಅವ್ವನನ್ನು ಮಣ್ಣು ಮಾಡಿದ ಹದಿಮೂರನೆಯ ದಿನ ಮುದ್ದವ್ವ ಭಟ್ಟಿ ಆರಿಸಿ ಅರಮನೆಗೆ ಹೊರಟಳು. ಅವಳಿಗೆ ಕೆಲಸ ಬೇಕಿರಲಿಲ್ಲ. ಅಣ್ಣ ಬೇಕಾಗಿದ್ದ.

ಮೊದಲ ಬಾಗಿಲಲ್ಲಿ ತಾಮ್ರದ ಹುಲಿ ಮಲಗಿತ್ತು.

"ನನ್ನ ಭಾಷೆಯಲ್ಲಿ ಕಮಲಕ್ಕೆ ಖಯವ ಅಂತಾರೆ. ನಗರಕ್ಕೆ ಏನಂತಾರೆ? ತಪ್ಪಿದರೆ ನುಂಗುತ್ತೇನೆ."

ಮುದ್ದವ್ವ ನೆಲದ ಮೇಲೆ ಬೆರಳಾಡಿಸಿದಳು. ಕ ಆದ ಮೇಲೆ ಖ, ಮ ಆದ ಮೇಲೆ ಯ, ಲ ಆದ ಮೇಲೆ ವ. ಒಂದೊಂದು ಅಕ್ಷರವೂ ಒಂದು ಹೆಜ್ಜೆ ಮುಂದೆ ಹೋಗಿದೆ.

"ಪಘಲ," ಅಂದಳು.

ಹುಲಿ ಎದ್ದು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಆನೆಯಷ್ಟು ದೊಡ್ಡ ಹದ್ದು ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು.

"ನನ್ನ ಭಾಷೆಯಲ್ಲಿ ನೀರಿಗೆ ಮಣ್ಣು ಅಂತಾರೆ. ಮಣ್ಣಿಗೆ ಗಾಳಿ ಅಂತಾರೆ. ಗಾಳಿಗೆ ಬೆಂಕಿ ಅಂತಾರೆ. ಮಗಳೇ, ನನಗೆ ಬಾಯಾರಿದೆ. ಏನು ಕುಡಿಯಲಿ? ತಪ್ಪಿದರೆ ಕುಕ್ಕುತ್ತೇನೆ."

ಮರುಕದಲ್ಲಿ ನೀರು ಎನ್ನಲು ಬಾಯಿ ತೆರೆದವಳು ತುಟಿ ಕಚ್ಚಿಕೊಂಡಳು. ಕುಡಿಯುವುದು ನೀರನ್ನೇ, ಆದರೆ ಇದರ ಭಾಷೆಯಲ್ಲಿ ಅದರ ಹೆಸರು ಬೇರೆ. ಆ ಹೆಸರಿನದನ್ನೇ ಹದಿಮೂರು ದಿನದ ಹಿಂದೆ ಮೂರು ಹಿಡಿ ಅವ್ವನ ಮೇಲೆ ಹಾಕಿದ್ದಳು.

"ಮಣ್ಣು," ಅಂದು ಅತ್ತುಬಿಟ್ಟಳು. ಹದ್ದು ರೆಕ್ಕೆ ಮಡಚಿ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಜಟಿಲಾಕ್ಷನೇ ಎತ್ತರದ ಪೀಠದ ಮೇಲೆ ಕೂತಿದ್ದ. ಮಡಿಲಲ್ಲಿ ಉತ್ತರಗಳ ಓಲೆ.

"ನನ್ನ ಭಾಷೆಯಲ್ಲಿ ಕಮಲಕ್ಕೆ ಗರಶ ಅಂತಾರೆ. ಪವನಕ್ಕೆ ಏನಂತಾರೆ?"

ಕ ಬಿಟ್ಟು ಖ ಬಿಟ್ಟು ಗ. ಹಾಗಾದರೆ ಎರಡೆರಡು ಹೆಜ್ಜೆ. ಮುದ್ದವ್ವ ಎಣಿಸಿದಳು. ಪ, ಫ, ಬ. ವ, ಶ, ಷ. ನ, ಪ, ಫ. ಎಣಿಸಿದ ಬೆರಳು ಹಾಗೆಯೇ ನಿಂತುಹೋಯಿತು.

ಬಷಫ!

ಇನ್ನೊಮ್ಮೆ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮೂರು ಸಲವೂ ಅದೇ ಬಂತು. ಅಣ್ಣನೂ ಇಲ್ಲೇ ಹೀಗೆಯೇ ಎಣಿಸಿದ್ದ. ಅಂಗಳದಲ್ಲಿ ನಿಂತವರೆಲ್ಲ ಸರಿಯಾಗಿಯೇ ಎಣಿಸಿದ್ದರು.

"ಬಷಫ," ಅಂದಳು.

ಜಟಿಲಾಕ್ಷ ಓಲೆ ನೋಡಿ ನಕ್ಕ. "ಇದರಲ್ಲಿ ಬಶಫ ಅಂತಿದೆ. ನಿನ್ನದು ತಪ್ಪು. ತಲೆಬಾಗಿ, ತಪ್ಪಾಯಿತು ಅನ್ನು."

ಇಲ್ಲಿ ನಾನೊಂದು ಗುಟ್ಟು ಹೇಳಬೇಕು. ಯಾರನ್ನಾದರೂ ಕಲ್ಲು ಮಾಡುವ ಶಕ್ತಿ ಆ ಮಾಂತ್ರಿಕನಿಗೆ ಇರಲೇ ಇಲ್ಲ. ಆ ಬಾಗಿಲಲ್ಲಿ ತಮ್ಮ ಬಾಯಿಂದಲೇ ತಪ್ಪು ಒಪ್ಪಿಕೊಂಡವರು ಕಲ್ಲಾಗುತ್ತಿದ್ದರು, ಅಷ್ಟೇ. ಸಾಲಿಪುರದ ಮಕ್ಕಳೆಲ್ಲ ದೊಡ್ಡವರ ಮುಂದೆ ಎದುರು ಮಾತಾಡದೆ ಬೆಳೆದವರು. ಪೀಠದ ಮೇಲೆ ಕೂತವನ ಓಲೆ ತಪ್ಪಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಒಬ್ಬೊಬ್ಬರೂ ತಮ್ಮ ತಲೆಯನ್ನೇ ಅನುಮಾನಿಸಿ, "ತಪ್ಪಾಯಿತು ಒಡೆಯಾ" ಎಂದು ಬಾಗಿದರು. ಅಯ್ಯೋ ಪಾಪ!

ಮುದ್ದವ್ವ ಬಾಗಲಿಲ್ಲ.

"ಒಡೆಯಾ, ನೀವೇ ಒಂದ್ಸಲ ಎಣಿಸಿ ತೋರಿಸಿ."

"ನನಗೇ ಎಣಿಸು ಅಂತೀಯಾ?"

"ಹೌದು. ವ ಆದ್ಮೇಲೆ ಎರಡು ಹೆಜ್ಜೆ. ಗಟ್ಟಿಯಾಗಿ ಎಣಿಸಿ."

ಸಿಟ್ಟಿನಿಂದ ಜಟಿಲಾಕ್ಷ ಬೆರಳು ಮಡಚಿದ. "ವ. ಶ, ಒಂದು. ಷ, ಎರಡು." ತಡೆದ. ಮತ್ತೆ ಎಣಿಸಿದ. ಷ ದಲ್ಲೇ ಬಂದು ನಿಂತ. ಓಲೆಯನ್ನು ಕಣ್ಣಿಗೆ ಹಿಡಿದು ಮೂರನೆಯ ಸಲ ಎಣಿಸಿದ. ಬೆಪ್ಪಾಗಿ, ತನಗೇ ತಿಳಿಯದೆ ಅಂದುಬಿಟ್ಟ: "ಅರೆ, ಬರೆಯುವಾಗ ನನ್ನದೇ ತಪ್ಪಾಗಿದೆ!"

ಅಂದದ್ದೇ ತಡ, ಪಾದದಿಂದ ಜುಟ್ಟಿನವರೆಗೆ ಕಲ್ಲಾಗಿಹೋದ. ಓಲೆ ಪುಡಿಪುಡಿಯಾಯಿತು.

ಅಂಗಳದ ಕಂಬಗಳೆಲ್ಲ ಉಸಿರಾಡಿದವು. ತಂದೆಯರು ಓಡಿಬಂದರು, ತಾಯಂದಿರು ಬಿದ್ದು ಎದ್ದು ಬಂದರು. ಗದ್ದಲಕ್ಕೆ ರಾಜನೂ ಎಚ್ಚರಗೊಂಡು, ನಾಚಿಕೊಂಡು, ಭಾವಮೈದುನರನ್ನೆಲ್ಲ ಓಡಿಸಿ, ಕಲ್ಲಾಗಿದ್ದವರಿಗೇ ಕೆಲಸ ಕೊಟ್ಟ.

ಕೆಂಚರಾಯ ಇಪ್ಪತ್ತರ ಹುಡುಗನಾಗಿಯೇ ಎದ್ದಿದ್ದ. ಎದುರು ನಿಂತ ತಂಗಿಗೆ ಇಪ್ಪತ್ತೆರಡು. ಅವಳ ಗುರುತು ಅವನಿಗೆ ಹತ್ತಲಿಲ್ಲ.

"ನಾನು ಮುದ್ದಿ, ಅಣ್ಣಾ. ನಿನ್ನ ಉತ್ತರ ಸರಿ ಇತ್ತು. ಓಲೆ ತಪ್ಪಿತ್ತು."

ಅವನು ಗುಂಪಿನಲ್ಲಿ ಅತ್ತಿತ್ತ ನೋಡಿ, "ಅವ್ವ ಎಲ್ಲೇ?" ಅಂದ.

ಮುದ್ದವ್ವ ಹೇಳಿದಳು. ಹೇಳದೆ ಇರಲು ಹೇಗಾದೀತು? ಕೆಂಚರಾಯ ನೆಲಕ್ಕೆ ಕುಸಿದು ಕೂತು ಮಗುವಿನ ಹಾಗೆ ಅತ್ತ. ಅತ್ತು ಅತ್ತು ಕೊನೆಗೆ ತಲೆಯೆತ್ತಿ ಕೇಳಿದ:

"ಮುದ್ದೀ, ಅವ್ವ ನನ್ನ ದಡ್ಡ ಅಂತ ತಿಳ್ಕೊಂಡೇ ಹೋದಳೇನೇ?"

ಎಣಿಸದೆ ಉತ್ತರ ಹೇಳದ ಹುಡುಗಿ ಅವಳು. ಆವತ್ತು ಎಣಿಸಲಿಲ್ಲ.

"ಇಲ್ಲಣ್ಣ. ನನ್ನ ಮಗ ಸರಿಯಾಗೇ ಹೇಳಿರ್ತಾನೆ ಅಂತ ಕೊನೇವರೆಗೂ ಅಂತಿದ್ದಳು."

ಅವನು ಕಣ್ಣೊರೆಸಿಕೊಂಡ. ಆಮೇಲೆ ಸಾಲಿಪುರದಲ್ಲಿ ಎಲ್ಲರೂ ಸುಖವಾಗಿದ್ದರು. ಕೆಂಚರಾಯನೂ ಸುಖವಾಗಿದ್ದ. ಮುದ್ದವ್ವ ಬದುಕಿರುವವರೆಗೆ ಆ ಒಂದು ಉತ್ತರವನ್ನು ತಿದ್ದಲಿಲ್ಲ.